ಕೊಲಾಬಾ: ಮುಚ್ಚಿದ ಲೋಕಲ್ ಸ್ಟೇಷನ್ನೊಂದರ ಚರಿತ್ರೆ

ಮುಂಬಯಿಯ ಪಶ್ಚಿಮ ರೈಲ್ವೆಯ ಲೋಕಲ್ ರೈಲುಗಳು ದಕ್ಷಿಣದಲ್ಲಿ ಎಲ್ಲಿ ಕೊನೆಯಾಗುತ್ತವೆ? ಆ ನಗರದಲ್ಲಿ ನಾಲ್ಕು ದಿನ ಇದ್ದು ಬಂದವರೂ ಥಟ್ಟನೆ 'ಚರ್ಚ್‌ಗೇಟ್' ಎನ್ನುತ್ತಾರೆ. ಉತ್ತರ ಸರಿ. ಆದರೆ 1930ರಲ್ಲಿ ಯಾರಾದರೂ ಹೀಗೆ ಉತ್ತರಿಸಿದ್ದರೆ ಮಾರ್ಕು ಸಿಗುತ್ತಿರಲಿಲ್ಲ. ಆಗ ಹಳಿ ಚರ್ಚ್‌ಗೇಟನ್ನು ದಾಟಿ, ಓವಲ್ ಮೈದಾನದ ಪಶ್ಚಿಮಕ್ಕೆ, ಕೂಪರೇಜಿನ ಪಕ್ಕದಿಂದ ಇನ್ನೂ ಸುಮಾರು ಎರಡು ಕಿಲೋಮೀಟರ್ ಮುಂದೆ ಹೋಗಿ ಕೊಲಾಬಾದಲ್ಲಿ ನಿಲ್ಲುತ್ತಿತ್ತು. ಕೊಲಾಬಾ ಆ ದಾರಿಯ ಕೊನೆಯ ನಿಲ್ದಾಣ, ದೊಡ್ಡ ನಿಲ್ದಾಣ. ಊರಿನ ಲೋಕಲ್ ರೈಲೂ ಅಲ್ಲಿಂದಲೇ, ಪೇಶಾವರದ ದೂರದ ರೈಲೂ ಅಲ್ಲಿಂದಲೇ ಹೊರಡುತ್ತಿತ್ತು.

ಇಂದು ಆ ನಿಲ್ದಾಣದ ಒಂದು ಗೋಡೆಯೂ ಕಾಣಸಿಗದು. ಅದಿದ್ದ ಜಾಗದಲ್ಲಿ ಬಧ್ವಾರ್ ಪಾರ್ಕ್ ಎಂಬ ರೈಲ್ವೆ ಅಧಿಕಾರಿಗಳ ವಸತಿ ಸಮುಚ್ಚಯವಿದೆ. ರೈಲ್ವೆ ಬೋರ್ಡಿನ ಮೊದಲ ಭಾರತೀಯ ಅಧ್ಯಕ್ಷ ಎಫ್.ಸಿ. ಬಧ್ವಾರ್ ಅವರ ಹೆಸರು ಅದಕ್ಕಿದೆ. 2008ರ ನವೆಂಬರ್ 26ರಂದು ಮುಂಬಯಿಗೆ ದಾಳಿಗೆ ಬಂದವರು ದೋಣಿಯಿಂದ ಇಳಿದದ್ದು ಇದರ ಎದುರಿನ ಮೀನುಗಾರರ ಕೇರಿಯ ಬಳಿ. ಹಾಗಾಗಿ ಹೆಸರನ್ನು ಪತ್ರಿಕೆಗಳಲ್ಲಿ ಓದಿದವರು ಬಹಳ ಮಂದಿ. ಅಲ್ಲಿ ಒಂದು ಕಾಲದಲ್ಲಿ ರೈಲು ನಿಲ್ದಾಣವಿತ್ತು ಎಂದು ತಿಳಿದವರು ಕಡಿಮೆ.

ಕಾಸರಗೋಡಿನ ಶಾಲೆಯ ಅಧ್ಯಾಪಕರಿಗೆ ಮುಂಬಯಿಯ ಸ್ಟೇಷನ್ನಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಎರಡು ಕಾರಣಗಳಿವೆ. ಒಂದು, ಬೊಂಬಾಯಿ ನಮ್ಮ ಕರಾವಳಿಯವರಿಗೆ ಎಂದೂ ಪರವೂರಾಗಿರಲಿಲ್ಲ. ಇನ್ನೊಂದು, ಜನ ಬಳಸುತ್ತಿದ್ದ ಒಂದು ಸಾರ್ವಜನಿಕ ಸ್ಥಳ ಹೇಗೆ ಮುಚ್ಚಿಹೋಗುತ್ತದೆ ಎಂಬುದಕ್ಕೆ ಕೊಲಾಬಾದಷ್ಟು ಸ್ಪಷ್ಟವಾದ ಉದಾಹರಣೆ ಬೇರೆ ಸಿಗುವುದು ಕಷ್ಟ. ಶಾಲೆಯವರಾದ ನಮಗೆ ಆ ಪಾಠದ ಅಗತ್ಯ ಇದೆ.

ಬೊಂಬಾಯಿ ಮತ್ತು ನಾವು

1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಜಿಲ್ಲೆ ಇದ್ದದ್ದು ಮದ್ರಾಸು ಪ್ರಾಂತ್ಯದಲ್ಲಿ. ಕಾಗದಪತ್ರಕ್ಕೆ ಮದ್ರಾಸು, ಹೊಟ್ಟೆಪಾಡಿಗೆ ಬೊಂಬಾಯಿ. ಇದು ನಮ್ಮ ಹಿರಿಯರ ರೀತಿ. ಮಂಗಳೂರಿನಿಂದ ಹಡಗು ಹತ್ತಿದರೆ ಕರಾವಳಿಯ ಬಂದರುಗಳನ್ನು ಮುಟ್ಟುತ್ತಾ ಬೊಂಬಾಯಿ ತಲುಪಬಹುದಿತ್ತು. ಅತ್ತ ಉತ್ತರ ಕನ್ನಡ, ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳವರಿಗಂತೂ ಬೊಂಬಾಯಿಯೇ ಪ್ರಾಂತ್ಯದ ರಾಜಧಾನಿ. ಹೀಗೆ ಕನ್ನಡನಾಡಿನ ದೊಡ್ಡದೊಂದು ಭಾಗ ಆ ನಗರದ ಕಡೆಗೆ ಮುಖಮಾಡಿ ಬದುಕಿತ್ತು.

ಹೋದವರು ಹೋಟೆಲುಗಳಲ್ಲಿ, ಅಂಗಡಿಗಳಲ್ಲಿ, ಬಂದರಿನಲ್ಲಿ, ಆಫೀಸುಗಳಲ್ಲಿ ದುಡಿದರು. ಹಗಲು ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಕನ್ನಡ ಅಕ್ಷರ ಕಲಿತ ಹುಡುಗರ ಕಥೆ ನಮ್ಮಲ್ಲಿ ಮನೆಮನೆಯ ಕಥೆ. ಮೊಗವೀರ ವ್ಯವಸ್ಥಾಪಕ ಮಂಡಳಿ ಮುಂಬಯಿಯಲ್ಲಿ ಹುಟ್ಟಿದ್ದು 1902ರಲ್ಲಿ. ಅಂದರೆ ಮಂಗಳೂರಿಗೆ ರೈಲು ಬರುವುದಕ್ಕೂ ಮೊದಲೇ ಕರಾವಳಿಯವರು ಅಲ್ಲಿ ಸಂಘ ಕಟ್ಟುವಷ್ಟು ಮಂದಿ ಇದ್ದರು. ಕೊಲಾಬಾ ನಿಲ್ದಾಣ ಇದ್ದ ಕಾಲದ ಬೊಂಬಾಯಿ ಎಂದರೆ ಇವರ ಬೊಂಬಾಯಿ.

ಹತ್ತಿಯ ಹಣ, ಸಮುದ್ರದ ನೆಲ

ಕೊಲಾಬಾ ಮೊದಲು ದ್ವೀಪ. ಬೊಂಬಾಯಿಯ ಪ್ರಸಿದ್ಧ ಏಳು ದ್ವೀಪಗಳಲ್ಲಿ ಅದೂ ಒಂದು. 1838ರಲ್ಲಿ ಕಾಸ್‌ವೇ ಎಂಬ ಕಟ್ಟೆದಾರಿ ಆದ ಮೇಲೆ ಅದು ಊರಿಗೆ ಅಂಟಿಕೊಂಡಿತು. ಅಲ್ಲಿ ಸೈನ್ಯದ ಠಾಣೆ ಇತ್ತು, ಹತ್ತಿಯ ಮೂಟೆಗಳನ್ನು ಪೇರಿಸಿಡುವ ವಿಶಾಲವಾದ ಬಯಲಿತ್ತು. ಆ ಬಯಲಿಗೆ ಕಾಟನ್ ಗ್ರೀನ್ ಎಂದು ಹೆಸರು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಹೋಗುವುದು ನಿಂತಿತು. ಗಿರಣಿಯವರ ಕಣ್ಣು ಭಾರತದ ಹತ್ತಿಯ ಮೇಲೆ ಬಿತ್ತು. ನಮ್ಮ ಧಾರವಾಡ ಸೀಮೆಯ ಹತ್ತಿಯನ್ನು ಹಡಗಿಗೆ ಹಾಕಲು ಕಾರವಾರವನ್ನು ದೊಡ್ಡ ಬಂದರು ಮಾಡಬೇಕೆಂಬ ಓಡಾಟ ನಡೆದದ್ದೂ ಇದೇ ಕಾಲದಲ್ಲಿ. ಬೊಂಬಾಯಿಗಂತೂ ಹಣ ಹೊಳೆಯಾಗಿ ಹರಿದು ಬಂತು. ಬಂದ ಹಣವನ್ನು ಏನು ಮಾಡುವುದು? ಸಮುದ್ರವನ್ನು ತುಂಬಿಸಿ ನೆಲ ಮಾಡುವ ಕಂಪೆನಿಗಳು ಹುಟ್ಟಿಕೊಂಡವು. ಅವುಗಳಲ್ಲಿ ದೊಡ್ಡದು ಬ್ಯಾಕ್ ಬೇ ರೆಕ್ಲಮೇಶನ್ ಕಂಪೆನಿ. ಬ್ಯಾಕ್ ಬೇ ಎಂದರೆ ಇಂದಿನ ಮರೀನ್ ಡ್ರೈವ್ ಎದುರಿನ ಕೊಲ್ಲಿ. ಪ್ರೇಮಚಂದ್ ರಾಯ್‌ಚಂದ್ ಎಂಬ ವ್ಯಾಪಾರಿಯ ಹೆಸರು ಆಗ ಎಲ್ಲರ ಬಾಯಲ್ಲಿ. ಇನ್ನೂ ನೀರಿನಡಿಯಲ್ಲೇ ಇದ್ದ ನೆಲಕ್ಕೆ ಜನ ಮೈಮೇಲೆ ಬಂದವರಂತೆ ಶೇರು ಕೊಂಡರು.

1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಕುಸಿಯಿತು. ಆ ವರ್ಷದ ಜುಲೈ 1ರಂದು ವಾಯಿದೆ ವ್ಯಾಪಾರದ ಲೆಕ್ಕ ಚುಕ್ತಾ ಮಾಡುವ ದಿನ ಬಂದಾಗ ಬೊಂಬಾಯಿಯ ಎಷ್ಟೋ ಸಾಹುಕಾರರು ದಿವಾಳಿಯಾದರು. ಬ್ಯಾಕ್ ಬೇ ಕಂಪೆನಿಯೂ ಮುಳುಗಿತು. ಆದರೆ ದಡದ ಉದ್ದಕ್ಕೆ ತುಂಬಿಸಿದ್ದ ನೆಲದ ಪಟ್ಟಿ ಮುಳುಗಲಿಲ್ಲ. ಅದರ ಮೇಲೆ ರೈಲು ಬಂತು.

ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಕೊಲಾಬಾದ ಹಳಿಗೆ ನೆಲ ಕೊಟ್ಟದ್ದು ಸಮುದ್ರ ತುಂಬಿಸುವ ಯೋಜನೆ. ಮುಂದೆ ಅದನ್ನು ಕಿತ್ತದ್ದೂ ಸಮುದ್ರ ತುಂಬಿಸುವ ಯೋಜನೆಯೇ.

ವಿರಾರ್‌ನಿಂದ ಕೊಲಾಬಾಕ್ಕೆ

ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ಓಡಿತು ಎಂದು ನಾವು ಪಾಠದಲ್ಲಿ ಹೇಳುತ್ತೇವೆ. ಅದು ಜಿ.ಐ.ಪಿ. ಎಂಬ ಕಂಪೆನಿಯ ರೈಲು. ನಮ್ಮ ಕಥೆಯದು ಬೇರೆ ಕಂಪೆನಿ: ಬಾಂಬೆ, ಬರೋಡಾ ಆಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ. ಜನರ ಬಾಯಲ್ಲಿ ಬಿ.ಬಿ.ಸಿ.ಐ. ಇದು 1855ರಲ್ಲಿ ಸ್ಥಾಪನೆಯಾಗಿ ಗುಜರಾತಿನ ಕಡೆಯಿಂದ ಹಳಿ ಹಾಕುತ್ತಾ ಬಂದು 1864ರ ನವೆಂಬರಿನಲ್ಲಿ ಬೊಂಬಾಯಿಯ ಗ್ರಾಂಟ್ ರೋಡ್ ತಲುಪಿತು. ಬಳಿಕ ಕೊಲ್ಲಿಯ ದಡದಲ್ಲೇ ದಕ್ಷಿಣಕ್ಕೆ ಇಳಿಯಿತು.

1867ರ ಏಪ್ರಿಲ್ 12ರಂದು ವಿರಾರ್ ಮತ್ತು ಬ್ಯಾಕ್ ಬೇ ನಡುವೆ ಬಿ.ಬಿ.ಸಿ.ಐ.ಯ ಮೊದಲ ಉಪನಗರ ರೈಲು ಓಡಿತು. ದಿನಕ್ಕೆ ಒಂದೇ ರೈಲು. ಬೆಳಿಗ್ಗೆ ಬರುವುದು, ಸಂಜೆ ಹಿಂದಿರುಗುವುದು. ಲಕ್ಷಗಟ್ಟಲೆ ಜನ ನೇತಾಡಿಕೊಂಡು ಹೋಗುವ ಇಂದಿನ ವಿರಾರ್ ಲೋಕಲ್‌ನ ಅಜ್ಜ ಇದು! 1870ರಲ್ಲಿ ಚರ್ಚ್‌ಗೇಟ್ ನಿಲ್ದಾಣವಾಯಿತು. ಹಳೆಯ ಕೋಟೆಗೆ ಸೇಂಟ್ ಥಾಮಸ್ ಇಗರ್ಜಿಯ ಕಡೆ ಒಂದು ಬಾಗಿಲಿತ್ತು. ಕೋಟೆಗೋಡೆ ಕೆಡವಿದ ಮೇಲೆ ಬಾಗಿಲು ಹೋಯಿತು, ಹೆಸರು ಉಳಿಯಿತು.

ಮೂರು ವರ್ಷಗಳೊಳಗೆ ಹಳಿ ಕೊಲಾಬಾ ಮುಟ್ಟಿತು. 1873ರಿಂದ ಕೊಲಾಬಾ ಈ ದಾರಿಯ ಕೊನೆಯ ನಿಲ್ದಾಣ. ಕಂಪೆನಿ ಅಲ್ಲಿಯವರೆಗೆ ಹೋಗಲು ಹತ್ತಿಯೇ ದೊಡ್ಡ ಕಾರಣ. ಗುಜರಾತಿನ ಹತ್ತಿ ಹಳಿಯ ಮೇಲೆ ಬಂದು ನೇರವಾಗಿ ಕಾಟನ್ ಗ್ರೀನ್ ಬಯಲಿಗೆ ಇಳಿಯುತ್ತಿತ್ತು. 1875ರಲ್ಲಿ ಪಕ್ಕದಲ್ಲೇ ಸಸೂನ್ ಡಾಕ್ ಆಯಿತು. 1896ರಲ್ಲಿ ಕೊಲಾಬಾಕ್ಕೆ ಒಳ್ಳೆಯದೊಂದು ನಿಲ್ದಾಣದ ಕಟ್ಟಡವೂ ಬಂತು. 1899ರಲ್ಲಿ ಚರ್ಚ್‌ಗೇಟ್ ಎದುರು ಬಿ.ಬಿ.ಸಿ.ಐ.ಯ ಮುಖ್ಯ ಕಚೇರಿ ಪೂರ್ತಿಯಾಯಿತು. ಅದನ್ನು ರಚಿಸಿದವರು ವಿಕ್ಟೋರಿಯಾ ಟರ್ಮಿನಸ್ ಖ್ಯಾತಿಯ ಎಫ್.ಡಬ್ಲ್ಯು. ಸ್ಟೀವನ್ಸ್. ಆ ಕಚೇರಿ ಇಂದಿಗೂ ಪಶ್ಚಿಮ ರೈಲ್ವೆಯ ಮುಖ್ಯ ಕಚೇರಿಯಾಗಿ ನಿಂತಿದೆ.

ಕೊಲಾಬಾಕ್ಕೆ ರೈಲು ಮಾತ್ರವಲ್ಲ, ನಗರದ ಎಲ್ಲ ಹೊಸ ವಾಹನಗಳೂ ಮೊದಲು ಬಂದದ್ದು ವಿಶೇಷ. ಬೊಂಬಾಯಿಯ ಮೊದಲ ಕುದುರೆ ಟ್ರಾಂ 1874ರ ಮೇ 9ರಂದು ಹೊರಟದ್ದು ಕೊಲಾಬಾದಿಂದ ಪಾಯಧುನಿಗೆ. 1907ರಲ್ಲಿ ಟ್ರಾಂಗೆ ವಿದ್ಯುತ್ ಬಂತು. ಮೊದಲ ಮೋಟಾರು ಬಸ್ಸು 1926ರ ಜುಲೈ 15ರಂದು ಕೊಲಾಬಾದ ಆಫ್ಘನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟಿಗೆ ಓಡಿತು. ನಗರದ ತುದಿಯಲ್ಲಿದ್ದರೂ ಕೊಲಾಬಾ ಮೂಲೆಯಾಗಿರಲಿಲ್ಲ.

ಕೊನೆಯ ಮೂರು ವರ್ಷಗಳು

ಈ ಚರಿತ್ರೆಯಲ್ಲಿ ಬಹಳ ವಿಚಿತ್ರವಾದ ಭಾಗ ಇದು. ಬೊಂಬಾಯಿಯಲ್ಲಿ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ಓಡಿತು. ಬಿ.ಬಿ.ಸಿ.ಐ. ಕೂಡ ಸುಮ್ಮನಿರಲಿಲ್ಲ. 1928ರ ಜನವರಿಯಲ್ಲಿ ಕೊಲಾಬಾದಿಂದ ಬೋರಿವಲಿಯವರೆಗೆ ವಿದ್ಯುತ್ ಲೋಕಲ್ ಶುರುವಾಯಿತು. ಕಂಬ ನೆಟ್ಟರು, ತಂತಿ ಎಳೆದರು, ಹೊಸ ಬೋಗಿಗಳನ್ನು ತರಿಸಿದರು.

ಅದೇ ವರ್ಷ ಸೆಪ್ಟೆಂಬರ್ 1ರಂದು ಪ್ರಸಿದ್ಧವಾದ ಫ್ರಂಟಿಯರ್ ಮೇಲ್ ಕೊಲಾಬಾದಿಂದ ಹೊರಟಿತು. ದೆಹಲಿ, ಲಾಹೋರ್ ದಾಟಿ ಪೇಶಾವರದವರೆಗೆ ಹೋಗುವ ರೈಲು. ಒಂದೇ ನಿಲ್ದಾಣದಲ್ಲಿ ಒಂದು ಪ್ಲಾಟ್‌ಫಾರ್ಮಿನಿಂದ ಬೋರಿವಲಿಗೆ, ಇನ್ನೊಂದರಿಂದ ಗಡಿನಾಡಿನ ಪೇಶಾವರಕ್ಕೆ!

ಇಷ್ಟೆಲ್ಲ ಆದ ನಿಲ್ದಾಣ ಮೂರು ವರ್ಷ ತುಂಬುವ ಮೊದಲೇ ಮುಚ್ಚಿತು. ಜನ ಬರುತ್ತಿರಲಿಲ್ಲವೆಂದಲ್ಲ, ರೈಲು ಹಳತಾಯಿತೆಂದೂ ಅಲ್ಲ. ಕಾರಣ ನೆಲ.

ನೆಲದ ಲೆಕ್ಕ

1920ರ ಹೊತ್ತಿಗೆ ಬೊಂಬಾಯಿಯಲ್ಲಿ ಮನೆಗಳಿಗೂ ಕಚೇರಿಗಳಿಗೂ ಜಾಗ ಸಾಲದಾಗಿತ್ತು. ಗವರ್ನರ್ ಸರ್ ಜಾರ್ಜ್ ಲಾಯ್ಡ್ ಅವರ ಕಾಲದಲ್ಲಿ ಸರ್ಕಾರ ಬ್ಯಾಕ್ ಬೇ ಕೊಲ್ಲಿಯನ್ನು ಮತ್ತೆ ತುಂಬಿಸಲು ಹೊರಟಿತು. ಕೆಲಸ ಅಂದಾಜಿನಂತೆ ಸಾಗಲಿಲ್ಲ. ಸಮುದ್ರದ ತಳದಿಂದ ಕೆಸರು ತೆಗೆದು ತುಂಬಿಸುವ ಉಪಾಯ ಕೈಕೊಟ್ಟಿತು, ಖರ್ಚು ಏರಿತು. ಇದರ ಅವ್ಯವಹಾರವನ್ನು ಬಯಲಿಗೆಳೆದವರು ವಕೀಲ ಕೆ.ಎಫ್. ನಾರಿಮನ್. ಅವರ ಮೇಲೆ ಮಾನನಷ್ಟ ಮೊಕದ್ದಮೆ ಹೂಡಲಾಯಿತು, ಅವರು ಗೆದ್ದರು. ಮುಂದೆ ಅದೇ ಕೊಲ್ಲಿಯ ತುದಿಯ ಜಾಗಕ್ಕೆ ನಾರಿಮನ್ ಪಾಯಿಂಟ್ ಎಂದು ಹೆಸರಾದದ್ದು ಚರಿತ್ರೆಯ ತಮಾಷೆ.

ಯೋಜನೆ ಅರ್ಧಕ್ಕೆ ನಿಂತರೂ ಒಂದಷ್ಟು ಹೊಸ ನೆಲ ಸಿಕ್ಕಿತು. ಈಗ ನಕ್ಷೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಪೂರ್ವಕ್ಕೆ ಹಳೆಯ ನಗರ, ಓವಲ್ ಮೈದಾನ. ಪಶ್ಚಿಮಕ್ಕೆ ಹೊಸ ನೆಲ, ಆಮೇಲೆ ಸಮುದ್ರ. ಇವೆರಡರ ನಡುವೆ ಬೇಲಿಯ ಹಾಗೆ ಕೊಲಾಬಾದ ಹಳಿ. ನೆಲ ಮಾರಾಟವಾಗಬೇಕಾದರೆ ನಗರದಿಂದ ಅಲ್ಲಿಗೆ ಸಲೀಸಾದ ದಾರಿ ಬೇಕು. ಮೊದಲು ಹಳಿ ಇದ್ದದ್ದು ಸಮುದ್ರದ ಬದಿಯಲ್ಲಿ. ಯಾರಿಗೂ ಅಡ್ಡಿ ಇರಲಿಲ್ಲ. ಸಮುದ್ರ ಹಿಂದೆ ಸರಿದಾಗ ಅದೇ ಹಳಿ ಊರ ನಡುವಿನ ಅಡ್ಡಿಯಾಯಿತು. ಹಳಿ ಕದಲಲಿಲ್ಲ, ಸುತ್ತಲಿನ ನೆಲದ ಬೆಲೆ ಕದಲಿತು.

ಮುಚ್ಚಿದ ರೀತಿ

ಒಂದು ನಿಲ್ದಾಣವನ್ನು ಏಕಾಏಕಿ ಮುಚ್ಚಿದರೆ ಜನ ಕೂಗೆಬ್ಬಿಸುತ್ತಾರೆ. ಕೊಲಾಬಾದಲ್ಲಿ ನಡೆದದ್ದನ್ನು ಕಾಲಾನುಕ್ರಮವಾಗಿ ಬರೆದರೆ ಹೀಗೆ ಕಾಣುತ್ತದೆ:

ಮೊದಲು ಹತ್ತಿ ಹೋಯಿತು. 1920ರ ದಶಕದಲ್ಲಿ ಹತ್ತಿಯ ದಾಸ್ತಾನು, ವ್ಯಾಪಾರ ಎಲ್ಲವೂ ಕೊಲಾಬಾದಿಂದ ದೂರದ ಶಿವಡಿಗೆ ಸ್ಥಳಾಂತರವಾದವು. ಕಾಟನ್ ಗ್ರೀನ್ ಎಂಬ ಹೆಸರನ್ನೂ ಹೊತ್ತುಕೊಂಡು ಹೋದರು. ಇಂದು ಹಾರ್ಬರ್ ದಾರಿಯಲ್ಲಿ ಕಾಟನ್ ಗ್ರೀನ್ ಎಂಬ ಸ್ಟೇಷನ್ ಇರುವುದು ಅದರಿಂದಲೇ. ನಿಲ್ದಾಣ ಹುಟ್ಟಲು ಇದ್ದ ದೊಡ್ಡ ಕಾರಣ ಹೀಗೆ ಇಲ್ಲವಾಯಿತು.

ಎರಡನೆಯದಾಗಿ ದೂರದ ರೈಲುಗಳು ಹೋದವು. ಅವುಗಳಿಗೆಂದು ಬಾಂಬೆ ಸೆಂಟ್ರಲ್ ಎಂಬ ಹೊಸ ನಿಲ್ದಾಣವನ್ನು ಕ್ಲಾಡ್ ಬ್ಯಾಟ್ಲಿ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ 21 ತಿಂಗಳಲ್ಲಿ ಕಟ್ಟಿದರು. 1930ರ ಡಿಸೆಂಬರ್ 18ರಂದು ಗವರ್ನರ್ ಸರ್ ಫ್ರೆಡರಿಕ್ ಸೈಕ್ಸ್ ಅದನ್ನು ಉದ್ಘಾಟಿಸಿದರು. ಫ್ರಂಟಿಯರ್ ಮೇಲ್ ಅಲ್ಲಿಗೆ ಬದಲಾಯಿತು.

ಮೂರನೆಯದಾಗಿ ಉಳಿದದ್ದು ಲೋಕಲ್ ಮಾತ್ರ. ಚರ್ಚ್‌ಗೇಟಿನಿಂದ ಮುಂದೆ ಎರಡು ಕಿಲೋಮೀಟರ್. ಟ್ರಾಂ ಇದೆ, ಬಸ್ಸು ಬಂದಿದೆ, ಇಷ್ಟು ಸಣ್ಣ ದೂರಕ್ಕೆ ರೈಲು ಯಾಕೆ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಆಗ ಕಷ್ಟ.

ನಾಲ್ಕನೆಯದಾಗಿ ಬಾಗಿಲು ಮುಚ್ಚಿತು. ಬಾಂಬೆ ಸೆಂಟ್ರಲ್ ಉದ್ಘಾಟನೆಯಾದ ಕೆಲವೇ ದಿನಗಳಲ್ಲಿ, 1930 ಮುಗಿಯುವಾಗ, ಕೊಲಾಬಾ ಮುಗಿಯಿತು. ಚರ್ಚ್‌ಗೇಟ್ ಕೊನೆಯ ನಿಲ್ದಾಣವಾಯಿತು.

ಕೊನೆಯ ಹಂತವನ್ನು ಮಾತ್ರ ನೋಡಿದವರಿಗೆ, ಎರಡು ಕಿಲೋಮೀಟರಿನ ತುಂಡು ದಾರಿ ನಿಂತಿತು, ಅಷ್ಟೇ ಎನಿಸುತ್ತದೆ. ಮೊದಲಿನಿಂದ ನೋಡಿದವರಿಗೆ ಮಾತ್ರ ಒಂದು ಜೀವಂತ ನಿಲ್ದಾಣದ ಅಂಗಗಳನ್ನು ಒಂದೊಂದಾಗಿ ತೆಗೆದದ್ದು ಕಾಣುತ್ತದೆ.

ಗಳಿಸಿದ್ದು, ಕಳೆದದ್ದು

ನ್ಯಾಯವಾಗಿ ಮಾತಾಡಬೇಕೆಂದರೆ ಮುಂಬಯಿ ಇದರಿಂದ ಗಳಿಸಿದ್ದೂ ಇದೆ. ಹಳಿ ತೆಗೆದ ಮೇಲೆ ಓವಲ್ ಮೈದಾನದ ಪಶ್ಚಿಮಕ್ಕೆ 1930ರ ದಶಕದಲ್ಲಿ ಆರ್ಟ್ ಡೆಕೊ ಶೈಲಿಯ ಕಟ್ಟಡಗಳ ಸಾಲು ಎದ್ದಿತು. ಮೈದಾನದ ಪೂರ್ವಕ್ಕೆ ಹೈಕೋರ್ಟ್, ವಿಶ್ವವಿದ್ಯಾಲಯ, ರಾಜಾಬಾಯಿ ಗೋಪುರ. ಪಶ್ಚಿಮಕ್ಕೆ ಈ ಹೊಸ ಸಾಲು. ಎರಡನ್ನೂ ಸೇರಿಸಿ 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಳಿ ಉಳಿದಿದ್ದರೆ ಈ ನೋಟ ಸಿಗುತ್ತಿತ್ತೇ? ಅನುಮಾನ.

ಕಳೆದುಕೊಂಡವರು ಯಾರು? ಕೊಲಾಬಾದ ಕಚೇರಿಗಳಿಗೆ, ಮನೆಗಳಿಗೆ, ಸಸೂನ್ ಡಾಕಿನ ಮೀನಿನ ಕೆಲಸಕ್ಕೆ ಉಪನಗರಗಳಿಂದ ಬರುವ ದುಡಿಯುವ ಜನ. ಅವರು ಚರ್ಚ್‌ಗೇಟಿನಲ್ಲಿಳಿದು ಟ್ರಾಂ ಹಿಡಿದರು. 1964ರಲ್ಲಿ ಟ್ರಾಂ ನಿಂತ ಮೇಲೆ ಬಸ್ಸಿಗೆ ಕಾದರು, ಶೇರ್ ಟ್ಯಾಕ್ಸಿಗೆ ಸಾಲು ನಿಂತರು, ಇಲ್ಲವೇ ನಡೆದರು. ದಿನಕ್ಕೆ ಅರ್ಧ ಗಂಟೆ ಎಂದಿಟ್ಟುಕೊಂಡರೂ ಒಂದು ಆಯುಷ್ಯದಲ್ಲಿ ಅದು ಎಷ್ಟು ಆಗುತ್ತದೆ ಎಂದು ಗಣಿತದ ಮಕ್ಕಳು ಲೆಕ್ಕ ಹಾಕಬಹುದು. ನೆಲ ಮಾರಿದ ಹಣಕ್ಕೆ ಲೆಕ್ಕದ ಪುಸ್ತಕವಿದೆ. ಈ ನಡೆದ ಹೆಜ್ಜೆಗಳಿಗೆ ಪುಸ್ತಕವಿಲ್ಲ.

ಈಗ ಕಥೆಗೆ ಹೊಸ ಪುಟ ಸೇರಿದೆ. 2025ರ ಅಕ್ಟೋಬರಿನಲ್ಲಿ ಮುಂಬಯಿ ಮೆಟ್ರೊದ ಮೂರನೇ ಮಾರ್ಗ ಪೂರ್ತಿ ತೆರೆಯಿತು. ಆರೆಯಿಂದ ಹೊರಟು ನೆಲದಡಿಯಲ್ಲಿ 33.5 ಕಿಲೋಮೀಟರ್, 27 ನಿಲ್ದಾಣಗಳು. ಚರ್ಚ್‌ಗೇಟ್ ಆದ ಮೇಲೆ ವಿಧಾನ ಭವನ, ಆಮೇಲೆ ಕೊನೆಯ ನಿಲ್ದಾಣ ಕಫ್ ಪರೇಡ್. ಹಳೆಯ ಕೊಲಾಬಾ ನಿಲ್ದಾಣದ ಜಾಗದಿಂದ ಇದು ದೂರವೇನಲ್ಲ. 1930ರಲ್ಲಿ ಬೇಡವಾದ ಎರಡು ಕಿಲೋಮೀಟರ್ ರೈಲುದಾರಿ ಸುಮಾರು 95 ವರ್ಷಗಳ ಬಳಿಕ ನೆಲ ಕೊರೆದು ಮರಳಿ ಬಂತು. ಅಗತ್ಯ ಎಂಬುದು ಸತ್ತಿರಲಿಲ್ಲ ಎಂದಾಯಿತಲ್ಲವೇ?

ನಮ್ಮ ಹಳಿಯಲ್ಲೂ

ಇಂಥ ಕಥೆಗೆ ಮುಂಬಯಿಯವರೆಗೆ ಹೋಗಬೇಕಾಗಿಲ್ಲ. ಕೇರಳದ ಮೊದಲ ರೈಲು 1861ರ ಮಾರ್ಚ್ 12ರಂದು ಓಡಿದ್ದು ತಿರೂರಿಗೂ ಬೇಪೂರಿಗೂ ನಡುವೆ. ಬೇಪೂರು ಎಂದು ಹೆಸರಿದ್ದರೂ ನಿಲ್ದಾಣ ಇದ್ದದ್ದು ಹೊಳೆಯ ಈಚೆ ದಡದ ಚಾಲಿಯಂನಲ್ಲಿ. 1888ರಲ್ಲಿ ಹಳಿ ಬೇರೆ ದಾರಿಯಿಂದ ಕೋಝಿಕ್ಕೋಡಿಗೆ ಹೋಯಿತು. ಚಾಲಿಯಂ ಪಕ್ಕಕ್ಕೆ ಬಿತ್ತು, ಮುಚ್ಚಿತು. ಕೇರಳದ ಮೊದಲ ರೈಲುದಾರಿಯ ಕೊನೆಯ ನಿಲ್ದಾಣಕ್ಕೆ ಇಂದು ರೈಲಿಲ್ಲ. ಅದೇ ಹಳಿ ಉತ್ತರಕ್ಕೆ ಬೆಳೆದು ಕಣ್ಣೂರು, ಕಾಸರಗೋಡು, ಕುಂಬಳೆ, ಮಂಜೇಶ್ವರ ದಾಟಿ 1907ರಲ್ಲಿ ಮಂಗಳೂರು ಸೇರಿತು. ಚಾಲಿಯಂ ಕಳೆದುಕೊಂಡದ್ದು ನಮಗೆ ದಕ್ಕಿತು ಎನ್ನಬಹುದು.

ಹತ್ತಿರದ ಕಾಲಕ್ಕೆ ಬಂದರೆ, ಕಣ್ಣೂರು ಜಿಲ್ಲೆಯ ಚಿರಕ್ಕಲ್ ಮತ್ತು ಕೋಝಿಕ್ಕೋಡು ಜಿಲ್ಲೆಯ ವೆಳ್ಳರಕ್ಕಾಡ್ ಎಂಬ ಸಣ್ಣ ನಿಲ್ದಾಣಗಳನ್ನು ಮುಚ್ಚಲು ದಕ್ಷಿಣ ರೈಲ್ವೆ 2025ರ ಮೇ ತಿಂಗಳಲ್ಲಿ ತೀರ್ಮಾನಿಸಿತು. ಆದಾಯ ಕಡಿಮೆ ಎಂಬುದು ಕಾರಣ. ಆದರೆ ಇಂಥ ನಿಲ್ದಾಣಗಳಲ್ಲಿ ನಿಲ್ಲುವ ರೈಲುಗಳೇ ಕಡಿಮೆಯಾದರೆ ಟಿಕೆಟ್ ಯಾರು ಕೊಳ್ಳುತ್ತಾರೆ? ರೈಲು ಕಡಿಮೆಯಾದುದರಿಂದ ಜನ ಕಡಿಮೆಯಾದರೋ, ಜನ ಕಡಿಮೆಯಾದುದರಿಂದ ರೈಲು ಕಡಿಮೆಯಾಯಿತೋ? ಮುಚ್ಚುವ ಆದೇಶದಲ್ಲಿ ಎರಡನೆಯದು ಮಾತ್ರ ಬರೆದಿರುತ್ತದೆ.

ಶಾಲೆಯವರು ಓದಬೇಕಾದ ಪಾಠ

ನಮ್ಮ ಕನ್ನಡ ಮಾಧ್ಯಮದ ಶಾಲೆಗಳ ಮಾತು ಇಲ್ಲಿ ತಾನಾಗಿ ಬರುತ್ತದೆ. ಮಕ್ಕಳ ಸಂಖ್ಯೆ ನಿಗದಿತ ಮಟ್ಟಕ್ಕಿಂತ ಇಳಿದ ಶಾಲೆಗೆ ಕೇರಳದಲ್ಲಿ 'ಅನ್‌ಇಕನಾಮಿಕ್' ಎಂಬ ಹೆಸರು ಬೀಳುತ್ತದೆ. ಜೂನಿನಲ್ಲಿ ಶಾಲೆ ತೆರೆದು ಆರನೆಯ ಕೆಲಸದ ದಿನದ ತಲೆಲೆಕ್ಕ ನಮಗೆಲ್ಲ ಎಷ್ಟು ದೊಡ್ಡ ಪರೀಕ್ಷೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆ ದಿನ ಸಂಖ್ಯೆ ಕಡಿಮೆ ಕಂಡರೆ 'ಹೆತ್ತವರಿಗೇ ಕನ್ನಡ ಬೇಡ' ಎಂದು ತೀರ್ಪು ಬರುತ್ತದೆ.

ಆದರೆ ಆರನೆಯ ದಿನದ ಸಂಖ್ಯೆ ಕೊಲಾಬಾದ ನಾಲ್ಕನೆಯ ಹಂತ. ಮೊದಲ ಹಂತಗಳು ಎಲ್ಲಿದ್ದವು? ಖಾಲಿಯಾದ ಕನ್ನಡ ಅಧ್ಯಾಪಕರ ಹುದ್ದೆ ವರ್ಷಗಟ್ಟಲೆ ತುಂಬದೆ ಉಳಿದದ್ದು ಒಂದು ಹಂತ. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗೆ ಕಳುಹಿಸಿದಾಗ ಮಕ್ಕಳೂ ಹೆತ್ತವರೂ ಬೀದಿಗಿಳಿದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅದು ಇನ್ನೊಂದು ಹಂತ. ಪಾಠಪುಸ್ತಕ ತಡವಾಗಿ ಬರುವುದು, ಕಚೇರಿಯ ಅರ್ಜಿ ಫಾರಂ ಕನ್ನಡದಲ್ಲಿ ಸಿಗದಿರುವುದು, ಇವೂ ಹಂತಗಳೇ. ಇಷ್ಟಾದ ಮೇಲೆ ಮನೆಯೆದುರು ಬೇರೆ ಮಾಧ್ಯಮದ ಶಾಲೆಯ ಬಸ್ಸು ಬಂದು ನಿಂತರೆ ಹೆತ್ತವರನ್ನು ಹೇಗೆ ದೂರುವುದು? ಟ್ರಾಂ ಹತ್ತಿದ ಕೊಲಾಬಾದವರನ್ನು ದೂರಿದ ಹಾಗಾಗುತ್ತದೆ.

ನೆಲದ ಬೆಲೆಯ ಪಾಠವೂ ನಮ್ಮಲ್ಲಿ ನಡೆದಿದೆ. ಕೋಝಿಕ್ಕೋಡು ನಗರದ ಮಲಾಪರಂಬದ ಎ.ಯು.ಪಿ. ಶಾಲೆಯ ಕಟ್ಟಡವನ್ನು 2014ರಲ್ಲಿ ರಾತ್ರೋರಾತ್ರಿ ಕೆಡವಲಾಯಿತು. ಊರವರು ಕೈಸೇರಿಸಿ ಮತ್ತೆ ಕಟ್ಟಿದರು. 2016ರಲ್ಲಿ ನ್ಯಾಯಾಲಯದ ಆದೇಶದಂತೆ ಶಾಲೆ ಮುಚ್ಚಬೇಕಾಗಿ ಬಂದಾಗ ಜನ ಬಿಟ್ಟುಕೊಡಲಿಲ್ಲ. ಕೊನೆಗೆ ಸರ್ಕಾರವೇ ಶಾಲೆಯನ್ನು ವಹಿಸಿಕೊಂಡಿತು. ಮುಚ್ಚುವುದು ವಿಧಿಲಿಖಿತವಲ್ಲ ಎಂಬುದಕ್ಕೆ ಇದು ಸಾಕ್ಷಿ. ಕೊಲಾಬಾದವರಿಗೆ 95 ವರ್ಷ ಬೇಕಾಯಿತು, ಮಲಾಪರಂಬದವರಿಗೆ ಅಷ್ಟು ಬೇಕಾಗಲಿಲ್ಲ. ಬೇಗ ಎಚ್ಚೆತ್ತದ್ದೇ ವ್ಯತ್ಯಾಸ.

ಆದುದರಿಂದ ಪಿ.ಟಿ.ಎ. ಸಭೆಗಳಲ್ಲಿ ಮಕ್ಕಳ ಸಂಖ್ಯೆಯನ್ನು ಮಾತ್ರ ಓದಿ ಹೇಳಿದರೆ ಸಾಲದು. ಯಾವ ಹುದ್ದೆ ಎಂದಿನಿಂದ ಖಾಲಿ, ಯಾವ ಪುಸ್ತಕ ಯಾವ ತಾರೀಕಿಗೆ ಬಂತು, ಯಾವ ಅರ್ಜಿಗೆ ಉತ್ತರ ಬರಲಿಲ್ಲ ಎಂಬುದನ್ನು ತಾರೀಕು ಹಾಕಿ ಬರೆದಿಡಬೇಕು. ಮುಂದೆ ಯಾರಾದರೂ 'ಮಕ್ಕಳಿಲ್ಲ, ಮುಚ್ಚೋಣ' ಎಂದಾಗ ಮೇಜಿನ ಮೇಲಿಡಲು ಆ ಪುಸ್ತಕ ಬೇಕು. ಕೊಲಾಬಾದ ಪ್ರಯಾಣಿಕರ ಬಳಿ ಅಂಥ ಪುಸ್ತಕವಿರಲಿಲ್ಲ.

ತರಗತಿಗೊಂದು ಚಟುವಟಿಕೆ

ಸಮಾಜ ವಿಜ್ಞಾನದ ಅಧ್ಯಾಪಕ ಮಿತ್ರರಿಗೆ ಒಂದು ಸಲಹೆ. ಯು.ಪಿ. ಅಥವಾ ಹೈಸ್ಕೂಲು ಮಕ್ಕಳಿಂದ ನಿಮ್ಮ ಹತ್ತಿರದ ನಿಲ್ದಾಣದ ಚರಿತ್ರೆ ಬರೆಯಿಸಿ. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು, ಯಾವುದಾದರೂ ಸರಿ. ಹಿಂದೆ ಅಲ್ಲಿ ಯಾವ ಸರಕು ಇಳಿಯುತ್ತಿತ್ತು? ಯಾವ ರೈಲು ನಿಲ್ಲುತ್ತಿತ್ತು, ಈಗ ನಿಲ್ಲುವುದಿಲ್ಲ? ಬೊಂಬಾಯಿಗೆ ಹೋದ ಮನೆಯ ಹಿರಿಯರು ಹಡಗಿನಲ್ಲಿ ಹೋದರೇ, ಬಸ್ಸಿನಲ್ಲೇ, 1998ರಲ್ಲಿ ಕೊಂಕಣ ರೈಲುದಾರಿ ತೆರೆದ ಬಳಿಕ ನೇತ್ರಾವತಿ ಎಕ್ಸ್‌ಪ್ರೆಸ್ಸಿನಲ್ಲೇ? ಮುಂಬಯಿಯಲ್ಲಿ ಯಾವ ಸ್ಟೇಷನ್ನಿನಲ್ಲಿಳಿದು ಎಲ್ಲಿಗೆ ನಡೆಯುತ್ತಿದ್ದರು?

ಅಜ್ಜ ಅಜ್ಜಿಯರನ್ನು ಕೇಳಿ ಬರೆಯಲಿ. ಕನ್ನಡದಲ್ಲೇ ಬರೆಯಲಿ. ಒಂದು ಪ್ರತಿಯನ್ನು ಶಾಲೆಯ ಲೈಬ್ರರಿಯಲ್ಲಿ ಇಡಿ.